ಬಾಡಿಗೆಗೆಂದು ಮನೆ ಕೊಂಡವನ ಲೆಕ್ಕ

ಮೈಸೂರಿನಲ್ಲಿ ಬಾಡಿಗೆಗೆ ಕೊಡಲೆಂದೇ ಒಂದು ಸಣ್ಣ ಹಳೇ ಮನೆ ಕೊಂಡೆ. ಅಂದಿನಿಂದ ನೆಂಟರಿಷ್ಟರು ಕೇಳುವುದು ಒಂದೇ: ‘ಬಾಡಿಗೆಯಲ್ಲೇ ಕಂತು ಕಟ್ಟಿಹೋಗುತ್ತಲ್ವಾ?’ ಹೋಗಲ್ಲ. 30 ಲಕ್ಷ ಸಾಲ, ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 26 ಸಾವಿರ. 40 ಲಕ್ಷದ ಮನೆಗೆ ತಿಂಗಳಿಗೆ 12 ಸಾವಿರ ಬಾಡಿಗೆ ಬಂದರೂ ವರ್ಷಕ್ಕೆ 1.44 ಲಕ್ಷ, ಕಂದಾಯ, ಮೋಟಾರು ರಿಪೇರಿ, ಸುಣ್ಣಬಣ್ಣ ಎಲ್ಲ ಅದರಲ್ಲೇ. ಮಿಕ್ಕಿದ್ದನ್ನು ಸಂಬಳದಿಂದ ತುಂಬುವ ತಾಕತ್ತಿದ್ದರೆ ಮಾತ್ರ ಕೈಹಾಕಿ.

ಮನೆ ನೋಡಿದ್ದಕ್ಕಿಂತ ಕಾಗದ ನೋಡಿದ್ದೇ ಹೆಚ್ಚು. ಕ್ರಯಪತ್ರವಿಲ್ಲದೆ ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ಮಾರುತ್ತೇನೆ ಎಂದವರಿಗೆ ದೂರದಿಂದಲೇ ನಮಸ್ಕಾರ ಹೇಳಿದೆ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ನಾನು ಕೊಂಡ ಮನೆಯ ಮೂಲಪತ್ರ, ಕ್ರಯಪತ್ರ ಎಲ್ಲ ಸರಿಯಿತ್ತು. ಆದರೆ ಹಳೇ ವರ್ಷಗಳದ್ದೂ ಸೇರಿಸಿ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿದಾಗ, ಅಂಥ ನಮೂದುಗಳ ಪಟ್ಟಿಯಿರುವ ನಮೂನೆ 15ರಲ್ಲಿ ಒಂದು ಅಡಮಾನ ಕಂಡಿತು. ಅದು ಖುಲಾಸೆಯಾದ ನಮೂದು ಕೆಳಗೆಲ್ಲೂ ಇಲ್ಲ. ಮಾರುವವರು, “ಅಯ್ಯೋ, ಆ ಸಾಲ ತೀರಿ ಯಾವ ಕಾಲವಾಯ್ತು ಸ್ವಾಮಿ” ಎಂದು ಬಾಕಿಯಿಲ್ಲವೆಂದು ಬ್ಯಾಂಕು ಕೊಟ್ಟ ಎನ್‌ಒಸಿ ಪತ್ರ ತಂದು ತೋರಿಸಿದರು. ಸುಳ್ಳೇನಲ್ಲ. ಆದರೆ ಖುಲಾಸೆ ಪತ್ರ ರಿಜಿಸ್ಟರ್ ಆಗದ ಹೊರತು ಇ.ಸಿ.ಯಲ್ಲಿ ಆ ಸಾಲ ಹಾಗೇ ಕೂತಿರುತ್ತದೆ, ನಾಳೆ ನಾನು ಮಾರಲು ಹೋದರೆ ಅದೇ ಪ್ರಶ್ನೆ ನನಗೆ ಬರುತ್ತದೆ. ಅದನ್ನು ಮಾಡಿಸಿಕೊಟ್ಟ ಮೇಲೇ ಅಡ್ವಾನ್ಸ್ ಕೊಟ್ಟಿದ್ದು. ಅವರಿಗೆ ಸ್ವಲ್ಪ ಬೇಜಾರಾಯಿತು, ಆಗಲಿ.

ಭೋಗ್ಯಕ್ಕೆ ಹಾಕಿ ಎಂದು ಬ್ರೋಕರ್ ಹೇಳಿದರು. ಒಟ್ಟಿಗೇ ದೊಡ್ಡ ಗಂಟು ಬರುತ್ತದೆ ನಿಜ, ಅವಧಿ ಮುಗಿದ ದಿನ ಅಷ್ಟನ್ನೂ ವಾಪಸ್ ಕೊಡಬೇಕಲ್ಲ! ಸಾಲವಿರುವವನ ಕೈಯಲ್ಲಿ ಆ ಗಂಟು ನಿಲ್ಲುವುದಿಲ್ಲ. ಬಾಡಿಗೆಗೇ ಕೊಟ್ಟೆ, ಎಲ್ಲರಂತೆ 11 ತಿಂಗಳ ಕರಾರು. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದನ್ನು ಅದರಲ್ಲೇ ಬರೆಸಿದೆ. ರೂಢಿ ತಾನೇ ಎಂದು ಬಾಯಿಮಾತಿಗೆ ಬಿಟ್ಟರೆ ಹೋಗುವ ದಿನ ಜಗಳ ಗ್ಯಾರಂಟಿ. ಬೀಗದ ಕೈ ಕೊಡುವ ಮುಂಚೆ ಕರೆಂಟ್ ಮೀಟರಿನ ಫೋಟೋ ತೆಗೆದು ಇಬ್ಬರ ವಾಟ್ಸಾಪಿನಲ್ಲೂ ಇರುವಂತೆ ನೋಡಿಕೊಂಡೆ. ಈಗ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಕೆಲಸವೊಂದು ಜಾಸ್ತಿ: ಖಾಲಿ ಮಾಡಿದವರ ಆಧಾರ್ ಜೋಡಣೆ ಬಿಡಿಸಿದರೇನೇ ಬಂದವರಿಗೆ ಆ ಮೀಟರಿನಲ್ಲಿ ಸೌಲಭ್ಯ. ಅವರು ಊರು ಬಿಡುವ ಮೊದಲೇ ಮಾಡಿಸಿಕೊಳ್ಳಿ, ಆಮೇಲೆ ಫೋನ್ ಎತ್ತುವುದಿಲ್ಲ.

ಬಾಡಿಗೆ ಏರಿಸುವ ವಿಷಯದಲ್ಲಿ ನಾನು ಸ್ವಲ್ಪ ಮೆತ್ತಗೆ ಎಂದು ಮನೆಯಲ್ಲಿ ದೂರು. ಬಾಡಿಗೆ ಸರಿಯಾಗಿ ಕೊಡುವವರು 500 ರೂಪಾಯಿ ಕಮ್ಮಿ ಮಾಡಿ ಎಂದರೆ ಒಪ್ಪಿಬಿಡುತ್ತೇನೆ. 12 ಸಾವಿರದ ಮನೆ ಎರಡು ತಿಂಗಳು ಖಾಲಿ ಬಿದ್ದರೆ 24 ಸಾವಿರ ಹೋಯಿತು. ಆ ಐನೂರು ಐನೂರು ಕೂಡಿ ಅಷ್ಟಾಗಲು ನಾಲ್ಕು ವರ್ಷ ಬೇಕು.