ಸುದ್ದಿ ಕೊಡುತ್ತೇನೆ, ಬುದ್ಧಿ ಹೇಳುವುದಿಲ್ಲ

ವ್ಯಾಲೊರಂಟ್ ಅನ್ನುವ ಕಂಪ್ಯೂಟರಿನ ಗುಂಡಿನ ಆಟದಲ್ಲಿ ಬದುಕಿರುವವರಿಗಿಂತ ಸತ್ತವರೇ ಜಾಸ್ತಿ ಮಾತಾಡುತ್ತಾರೆ. ಐದು ಜನರ ತಂಡದಲ್ಲಿ ಒಬ್ಬ ಸತ್ತರೆ ಆ ರೌಂಡ್ ಮುಗಿಯುವವರೆಗೆ ಅವನಿಗೆ ಕೆಲಸ ಇಲ್ಲ. ಉಳಿದವರ ಪರದೆ ನೋಡುತ್ತಾ ಕೂರುತ್ತಾನೆ. ಆದರೆ ಮೈಕ್ ಚಾಲೂ ಇರುತ್ತದೆ. ಶುರುವಾಯಿತು ನೋಡಿ: 'ಎಡಕ್ಕೆ ನೋಡು, ಎಡಕ್ಕೆ! ಓಡಬೇಡ. ಅಲ್ಲಿ ಯಾಕೆ ನಿಂತೆ? ಅಯ್ಯೋ, ಹೋಯ್ತು.' ಇಷ್ಟು ಹೇಳಿದ ಮನುಷ್ಯ ಆ ರೌಂಡಿನಲ್ಲಿ ಮೊದಲು ಸತ್ತವನು ಅನ್ನೋದು ಬೇರೆ ಮಾತು.

ನಾನು ಹುಬ್ಬಳ್ಳಿಯ ವಿದ್ಯಾನಗರದವಳು. ಹಗಲು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಆಡುತ್ತೇನೆ, ಹೆಚ್ಚಾಗಿ ಗುರುತಿಲ್ಲದವರ ಜೊತೆ. ಶನಿವಾರ ಮಾತ್ರ ಫೋನಿನಲ್ಲಿ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅದೂ ಗುಂಡಿನ ಆಟವೇ. ಅಲ್ಲಿ ಗದಗಿನ ನಮ್ಮ ಕಾಕಾ, ಅವರ ಮಗ, ಮಗನ ಗೆಳೆಯ ಒಬ್ಬ, ಮತ್ತು ನಾನು. ಒಂದು ಕಡೆ ಮುಖ ನೋಡದವರು, ಇನ್ನೊಂದು ಕಡೆ ಎದುರು ಮಾತಾಡಬಾರದವರು. ಕೇಳದೇ ಸಲಹೆ ಕೊಡುವುದು ಎರಡೂ ಕಡೆ ಕಷ್ಟ. ಆದರೂ ತಂಡ ಅಂದ ಮೇಲೆ ಬಾಯಿ ಮುಚ್ಚಿಕೊಂಡು ಕೂರಲೂ ಆಗುವುದಿಲ್ಲ, ಅಲ್ವಾ? ಹಾಗಾಗಿ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ. ನೀನು ಹೀಗೆ ಮಾಡಬೇಕಿತ್ತು ಅನ್ನುವುದನ್ನು ಹೇಳುವುದಿಲ್ಲ.

ವ್ಯಾಲೊರಂಟ್‌ನಲ್ಲಿ ಒಂದು ತಂಡ ಸ್ಪೈಕ್ ಅನ್ನುವ ಬಾಂಬ್ ಇಡಲು ಬರುತ್ತದೆ, ಇನ್ನೊಂದು ಕಾಯುತ್ತದೆ. ಅದರ ಹೇವನ್ ಅನ್ನುವ ಮ್ಯಾಪ್ ತಗೊಳ್ಳಿ. ಹೆಚ್ಚಿನ ಮ್ಯಾಪ್‌ಗಳಲ್ಲಿ ಸ್ಪೈಕ್ ಇಡುವ ಜಾಗ ಎರಡೇ, ಇಲ್ಲಿ ಮೂರು. ಕಾಯುವ ಐದು ಜನ ಮೂರು ಕಡೆ ಹಂಚಿಹೋಗಬೇಕು. ಎಲ್ಲಿಗೆ ಎಷ್ಟು ಜನ ಬಂದರು ಎಂದು ಗೊತ್ತಾಗುವುದರ ಮೇಲೇ ಆಟ ನಿಂತಿದೆ. ಅಲ್ಲಿನ ಸಿ ಲಾಂಗ್ ಅನ್ನುವ ದಾರಿಯಲ್ಲಿ ನಾನು ಸತ್ತರೆ ಹೇಳುವುದು ಇಷ್ಟೇ: 'ಸಿ ಲಾಂಗ್, ಇಬ್ಬರು, ಜೆಟ್‌ಗೆ 84.' ಜೆಟ್ ಅಂದರೆ ಎದುರಿನವರು ಆಡುತ್ತಿರುವ ಒಂದು ಪಾತ್ರ, 84 ಅದಕ್ಕೆ ನಾನು ಕೊಟ್ಟ ಪೆಟ್ಟು. ಪೂರ್ತಿ ಜೀವ 100, ಮೈಗೆ ತೊಡುವ ದೊಡ್ಡ ಶೀಲ್ಡ್ 50. ಅದರಲ್ಲಿ 84 ಹೋಗಿದೆ ಅಂದರೆ ಉಳಿದದ್ದು ಎಷ್ಟು ಅಂತ ಕೇಳಿದವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಹಿಂದೆ ಸರಿಯಬೇಕೋ, ನುಗ್ಗಬೇಕೋ ಅವರಿಗೆ ಬಿಟ್ಟದ್ದು. ಅವರ ಕಿವಿಗೆ ಬೀಳುವ ಹೆಜ್ಜೆ ಸಪ್ಪಳ ನನಗೆ ಹೇಗೆ ಗೊತ್ತು?

ಇದಕ್ಕೆ ಇನ್ನೊಂದು ಕಾರಣವೂ ಇದೆ. ಮುಂಬೈ ಸರ್ವರ್‌ನಲ್ಲಿ ಆಡುವಾಗ ಒಂದೇ ತಂಡದಲ್ಲಿ ಹಿಂದಿ, ತೆಲುಗು, ತಮಿಳು, ಇಂಗ್ಲಿಷ್ ಎಲ್ಲ ಕಲಸಿಹೋಗಿರುತ್ತವೆ. ಜಾಗದ ಹೆಸರು ಮತ್ತು ಒಂದು ಅಂಕಿ ಯಾವ ಭಾಷೆಯವನಿಗೂ ಮುಟ್ಟುತ್ತದೆ. ಬುದ್ಧಿಮಾತು ಹಾಗಲ್ಲ. ಅದರಲ್ಲಿ ಮೊದಲು ಕೇಳಿಸುವುದು ದನಿ, ಆಮೇಲೆ ಅರ್ಥ. ನಮ್ಮ ಕಡೆಯವರ ದನಿ ಮೊದಲೇ ಜೋರು. 'ಏನ್ ಮಾಡಾಕತ್ತೀಯೋ ಲೇ' ಅಂತ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ಗೆಳೆಯನಿಗೆ ಅಂದರೆ ಅದು ಪ್ರೀತಿ. ಅದೇ ಮಾತು ಮೈಕಿನಲ್ಲಿ ಮೈಸೂರು ಕಡೆಯವನ ಕಿವಿಗೆ ಬಿದ್ದರೆ ಜಗಳ. ಅದಕ್ಕೇ ಕನ್ನಡದವರು ಸಿಕ್ಕರೆ ವಯಸ್ಸು ಕೇಳದೇ ಎಲ್ಲರಿಗೂ ಬಹುವಚನವೇ ನನ್ನದು. ಹತ್ತನೇ ಕ್ಲಾಸಿನ ಹುಡುಗನಿಗೆ 'ನೋಡ್ರಿ' ಅಂದರೆ ನಷ್ಟ ಏನೂ ಇಲ್ಲ.

ಮಾತಿನಷ್ಟೇ ಹೊತ್ತೂ ಮುಖ್ಯ. ಎಲ್ಲರೂ ಸತ್ತು ಒಬ್ಬನೇ ಉಳಿದಾಗ ಅವನಿಗೆ ಇರುವ ಆಸರೆ ಕಿವಿಯೊಂದೇ. ಈ ಆಟದಲ್ಲಿ ಓಡಿದರೆ ಸಪ್ಪಳ, ನಿಧಾನ ನಡೆದರೆ ಇಲ್ಲ. ಎದುರಾಳಿ ಗೋಡೆಯ ಆಚೆ ಬಂದನೋ ಇಲ್ಲವೋ ಎಂದು ಕೇಳಿಸಿಕೊಳ್ಳುವ ಆ ಕ್ಷಣದಲ್ಲಿ ನಾಲ್ಕು ಜನ ಕಿವಿಯಲ್ಲಿ ಕೂಗಿದರೆ? ನಾನು ಸತ್ತ ಕೂಡಲೇ ಒಂದು ಸಾಲು ಹೇಳಿ ಮೈಕ್ ಬಂದ್ ಮಾಡುತ್ತೇನೆ. ಬಾಯಿ ತಡೆಯಬೇಕಾಗಿಲ್ಲ, ಬೆರಳು ತಡೆದರೆ ಸಾಕು. ಮಾತಾಡಲು ಒಂದು ಗುಂಡಿ ಒತ್ತಿ ಹಿಡಿಯಬೇಕು ಅನ್ನುವ ಸೆಟ್ಟಿಂಗ್ ಇಟ್ಟುಕೊಂಡರೆ ಅರ್ಧ ಜಗಳ ತಾನಾಗಿಯೇ ಕಡಿಮೆ.

ಹಾಗಂತ ಆಗ ಏನೂ ಹೇಳಬಾರದು ಅಂತಲ್ಲ. ಸ್ಪೈಕ್ ಇಟ್ಟ ಮೇಲೆ 45 ಸೆಕೆಂಡಿಗೆ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯ ಮಾಡಲು 7 ಸೆಕೆಂಡ್ ಬೇಕು. ಅರ್ಧ ದಾಟಿದ ಮೇಲೆ ಬಿಟ್ಟರೆ ಆ ಅರ್ಧ ಹಾಗೇ ಉಳಿಯುತ್ತದೆ. ಮುಂದೆ ಬಂದವನಿಗೆ ಮೂರೂವರೆ ಸೆಕೆಂಡ್ ಸಾಕು. ಒಮ್ಮೆ ನಮ್ಮ ತಂಡದಲ್ಲಿ ಇಬ್ಬರು ಉಳಿದಿದ್ದರು. ಒಬ್ಬ ತೆಲುಗಿನವನು, ಇನ್ನೊಬ್ಬ ಬಾಯಿಯೇ ಬಿಡದ ಹುಡುಗ. ಬಾಯಿ ಬಿಡದವನು ಸ್ಪೈಕ್ ಹಿಡಿದು ಕೂತ. ಕೆಲಸ ಎಷ್ಟಾಯಿತು ಅಂತ ಅವನ ಪರದೆಯಲ್ಲಿ ತೋರಿಸುವ ಗೆರೆ ಅರ್ಧ ದಾಟಿತು. ಹಿಂದಿನಿಂದ ಗುಂಡು ಬಿತ್ತು, ಸತ್ತ. ತೆಲುಗಿನವನು ಆ ಕಡೆಯ ಮೂಲೆಯಲ್ಲಿದ್ದ, ಅವನಿಗೆ ಗೆರೆ ಕಾಣುವುದಿಲ್ಲ. ಸತ್ತವರಲ್ಲಿ ಒಬ್ಬ 'ಓಡು, ಗನ್ ಉಳಿಸ್ಕೋ, ಆಗಲ್ಲ, ಓಡು' ಅಂತ ಬಡಕೊಳ್ಳುತ್ತಿದ್ದ. ಸದ್ದೇ ಇಲ್ಲದ ಹುಡುಗ ಆಗ ಒಂದೇ ಒಂದು ಶಬ್ದ ಹೇಳಿದ: 'ಹಾಫ್.' ತೆಲುಗಿನವನು ಎದುರಾಳಿಯನ್ನು ಹೊಡೆದು ಸ್ಪೈಕಿಗೆ ಬಂದು ಕೂತ. ಎದುರಿನ ತಂಡದ ಕೊನೆಯವನು ಬರುವಷ್ಟರಲ್ಲಿ ಮುಗಿದಿತ್ತು. ಓಡು ಅಂದವನದೂ ತಪ್ಪು ಲೆಕ್ಕ ಅಲ್ಲ, 7 ಸೆಕೆಂಡ್ ಬೇಕಿದ್ದರೆ ಓಡುವುದೇ ಸರಿ. ಅವನ ಹತ್ತಿರ ಸುದ್ದಿ ಇರಲಿಲ್ಲ, ಅಷ್ಟೇ.

ಆಟದೊಳಗಿನ ದುಡ್ಡಿನ ವಿಷಯ ಇದಕ್ಕಿಂತ ಸೂಕ್ಷ್ಮ. ರೌಂಡ್ ಶುರುವಾಗುವ ಮುಂಚೆ ಗನ್ ಕೊಳ್ಳಲು ಅರ್ಧ ನಿಮಿಷ ಸಿಗುತ್ತದೆ. ವ್ಯಾಂಡಲ್ ಅನ್ನುವ ಗನ್ 2900, ದೊಡ್ಡ ಶೀಲ್ಡ್ 1000. ಸೋತ ಮೇಲೆ ಎಲ್ಲರ ಹತ್ತಿರ ಅಷ್ಟು ಇರುವುದಿಲ್ಲ. ಒಬ್ಬ ಇದ್ದಬದ್ದದ್ದನ್ನೆಲ್ಲ ಸುರಿದು, ಉಳಿದವರು ಉಳಿಸಿದರೆ ಎರಡೂ ರೌಂಡ್ ಹಾಳು. 'ಸೇವ್ ಮಾಡಿ' ಅಂದರೆ ಯಾರೂ ಮಾಡುವುದಿಲ್ಲ. ನನ್ನ ದುಡ್ಡು, ನೀ ಯಾರು ಕೇಳೋಕೆ ಅನ್ನುವ ಹಟ ಬಂದೇ ಬರುತ್ತದೆ. ನಾನು ನನ್ನ ಲೆಕ್ಕ ಮಾತ್ರ ಹೇಳುತ್ತೇನೆ: 'ಈ ಸಲ ನಾನು ಸೇವ್. ಮುಂದಿನ ರೌಂಡಿಗೆ ಒಬ್ಬರಿಗೆ ಗನ್ ಕೊಡಿಸ್ತೀನಿ.' ಕೊಡಿಸುತ್ತೇನೆ ಅಂದರೆ ಕೊಡಿಸಲೇಬೇಕು ಮತ್ತೆ. ಹೀಗೆ ಹೇಳಿದ ಮೇಲೆ ಇನ್ನಿಬ್ಬರು ಸುಮ್ನೆ ಪಿಸ್ತೂಲಿನಲ್ಲೇ ನಿಲ್ಲುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಯಾವಾಗಲೂ ಅಂತ ಹೇಳಲಾರೆ. ಕೆಲವರು ದುಡ್ಡು ಕಂಡರೆ ಆಪರೇಟರ್ ಅನ್ನುವ ದುಬಾರಿ ಗನ್ ಕೊಂಡೇ ಕೊಳ್ಳುತ್ತಾರೆ.

ನಾನು ಮೈಕ್ ಚಾಲೂ ಮಾಡಿದರೆ ಇನ್ನೊಂದು ತಮಾಷೆ. ಹೆಣ್ಣು ದನಿ ಕೇಳಿದ ಕೂಡಲೇ ಸಲಹೆ ಸುರಿಯುತ್ತದೆ. 'ಸೇಜ್ ತಗೊಳ್ಳಿ, ಹಿಂದೆ ಇರಿ, ನಮಗೆ ಹೀಲ್ ಕೊಡಿ.' ಸೇಜ್ ಅಂದರೆ ಗಾಯ ವಾಸಿ ಮಾಡುವ ಪಾತ್ರ. ನಾನು ಆಡುವುದು ಓಮೆನ್, ಹೊಗೆ ಹಾಕುವ ಪಾತ್ರ. ಎಲ್ಲಿ ಹೊಗೆ ಬೀಳಬೇಕು, ಯಾವಾಗ ಬೀಳಬೇಕು ಅನ್ನುವುದು ನನ್ನ ಕೆಲಸ. ವಾದ ಮಾಡಿದರೆ ಅರ್ಧ ನಿಮಿಷ ಅದರಲ್ಲೇ ಹೋಗುತ್ತದೆ. 'ಹೂಂ, ನೋಡ್ತೀನಿ' ಅಂದು ಓಮೆನ್ ಮೇಲೇ ಒತ್ತುತ್ತೇನೆ. ಎರಡನೇ ಸಲವೂ ಅದೇ ರಾಗ ಬಂದರೆ ಆ ಒಬ್ಬನನ್ನು ಮಾತ್ರ ಮ್ಯೂಟ್. ಮ್ಯೂಟ್ ಮಾಡ್ತೀನಿ ನೋಡು ಅಂತ ಸಾರುವುದಿಲ್ಲ. ಸಾರಿದರೆ ಉಳಿದ ಮೂವರ ಆಟವೂ ಕೆಡುತ್ತದೆ. ಬೈಗುಳಕ್ಕೆ ಇಳಿದವನಿಗೆ ಮಾತ್ರ ರಿಪೋರ್ಟ್. ಇವೆರಡನ್ನೂ ಒಂದೇ ಮಾಡಬಾರದು. ಹೆಚ್ಚು ಮಾತಾಡುವುದು ಅಪರಾಧ ಅಲ್ಲ.

ಚೆನ್ನಾಗಿ ಹೇಳುವವರೂ ಸಿಗುತ್ತಾರೆ. ಒಬ್ಬ ಹುಡುಗ, ದನಿಯಿಂದ ಕಾಲೇಜಿನವನು ಇರಬೇಕು, ನಮ್ಮ ಸೇಜ್ ಆಡುತ್ತಿದ್ದವನಿಗೆ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ಸೇಜ್ ದಾರಿಗೆ ಅಡ್ಡ ಗೋಡೆಯನ್ನೂ ಎಬ್ಬಿಸಬಹುದು. ರೌಂಡ್ ಮುಗಿಯುವವರೆಗೆ ಸುಮ್ಮನಿದ್ದ. ಗೆದ್ದ ರೌಂಡ್ ಅದು, ಸೋತದ್ದಲ್ಲ. ಆಮೇಲೆ 'ಅಣ್ಣಾ, ಗೋಡೆ ಬಗ್ಗೆ ಒಂದ್ ಮಾತ್ ಹೇಳ್ಲಾ?' ಅಂದ. ಆ ಕಡೆಯಿಂದ 'ಹೇಳಪ್ಪ' ಬಂತು. 'ಒಂದ್ ಹೆಜ್ಜೆ ಮುಂದೆ ಹಾಕಿದ್ರೆ ಆ ಸಂದಿ ಮುಚ್ಚುತ್ತೆ, ನಾನ್ ಅಲ್ಲೇ ನಿಂತ್ಕೋತೀನಿ.' ಅಷ್ಟೇ. ಮುಂದಿನ ರೌಂಡಿನಲ್ಲಿ ಗೋಡೆ ಒಂದು ಹೆಜ್ಜೆ ಮುಂದೆ ಬಂತು, ಇವನೂ ಹೇಳಿದ ಹಾಗೆ ಅಲ್ಲೇ ನಿಂತ. ಗೆದ್ದಾಗ ಹೇಳಿದ್ದು, ಮೊದಲು ಕೇಳಿದ್ದು, ತನ್ನ ಪಾಲಿನ ಕೆಲಸವನ್ನೂ ಸೇರಿಸಿದ್ದು. ಸೋತ ರೌಂಡಿನ ಹಿಂದೆಯೇ ಇದೇ ಮಾತು ಬಂದಿದ್ದರೆ ಸೇಜ್ ಆಮೇಲೆ ಗೋಡೆಯನ್ನೇ ಹಾಕುತ್ತಿರಲಿಲ್ಲವೇನೋ. ಈಗ ನಾನೂ ಅದನ್ನೇ ಮಾಡುತ್ತೇನೆ, ಒಂದು ಪಂದ್ಯಕ್ಕೆ ಒಂದೇ ಸಲ.

ಟೈಪ್ ಮಾಡಿ ಹೇಳುವುದನ್ನು ಬಿಟ್ಟುಬಿಡಿ. ಓದುವವನ ಕಣ್ಣು ಆಟದಿಂದ ಸರಿಯುತ್ತದೆ, ಬರೆಯುವವನ ಕೈಯೂ ಸರಿಯುತ್ತದೆ. ಮ್ಯಾಪಿನ ಮೇಲೆ ಗುರುತು ಹಾಕುವುದು ಎಲ್ಲಕ್ಕಿಂತ ವಾಸಿ, ಅದಕ್ಕೆ ದನಿ ಇಲ್ಲ, ಸಿಟ್ಟಿಲ್ಲ. ಒಂದೇ ಕಡೆ ಹತ್ತು ಸಲ ಗುರುತು ಒತ್ತಿ ಸಿಟ್ಟು ತೋರಿಸುವವರೂ ಇದ್ದಾರೆ ಬಿಡಿ.

ಇನ್ನು ಕಾಕಾ. ಅವರದು ಗದಗಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ. 2022ರ ಜುಲೈಯಲ್ಲಿ ಬಿಜಿಎಂಐ ಫೋನಿನ ಆ್ಯಪ್ ಸ್ಟೋರ್‌ನಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತಲ್ಲ, ಆಗ ಮಗ ಅವರ ಫೋನಿಗೆ ಹಾಕಿಕೊಟ್ಟ. ಅಂದಿನಿಂದ ಶನಿವಾರ ರಾತ್ರಿ ಪ್ರೆಸ್ ಬಾಗಿಲು ಹಾಕಿದ ಮೇಲೆ ಕಾಕಾ ಸಿಪಾಯಿ.

ಕಾಕಾಗೆ ಕಂಡದ್ದೆಲ್ಲ ಬೇಕು. ಕೈಯಲ್ಲಿ ಎಂ416 ಇರುತ್ತದೆ, ಅದಕ್ಕೆ ಬೇಕಾದದ್ದು 5.56 ಗುಂಡು. ಬ್ಯಾಗ್ ತುಂಬ 7.62 ತುಂಬಿಕೊಂಡಿರುತ್ತಾರೆ, ಅದು ಎಕೆಎಂಗೆ ಬೇಕಾಗುವಂಥದ್ದು. ಮಗನಿಗೆ ತಾಳ್ಮೆ ಕಡಿಮೆ. 'ಅಪ್ಪಾ, ನಿಂಗ ಆಡಾಕ ಬರೂದಿಲ್ಲ, ಅದನ್ನ ಒಗಿ' ಅಂತ ಎಲ್ಲರ ಎದುರೇ ಅಂದುಬಿಡುತ್ತಾನೆ. ಕಾಕಾ ಒಗೆಯುವುದಿಲ್ಲ, ಇನ್ನೂ ಒಂದು ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ. ತಪ್ಪೇನು? ಮಗನ ಗೆಳೆಯನೂ ಕೇಳಿಸಿಕೊಳ್ಳುತ್ತಿದ್ದಾನೆ.

ನಾನು ಸಲಹೆ ಕೊಡುವ ಬದಲು ಬೇಡುತ್ತೇನೆ.

'ಕಾಕಾ, ನಿಮ್ಮ ಹತ್ರ 5.56 ಎಷ್ಟದಾವ್ರಿ? ನಂಗ ಒಂದೀಟು ಬೇಕಾಗೇತಿ.'

'ತಡಿಯವ್ವಾ, ನೋಡ್ತೀನಿ.'

ಬ್ಯಾಗ್ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಸದ್ದಿಲ್ಲ.

'ಯವ್ವಾ, ಇಲ್ಲಿ ಬರೇ 7.62 ಅದಾವಲ್ಲ. ಇವನ್ನೆಲ್ಲಾ ಯಾರ್ ತುಂಬ್ಯಾರ?'

'ಆ ಗೆಳೆಯಾಗ ಬೇಕಾಗ್ತಾವ್ರಿ, ಅವನ ಕೈಯಾಗ ಎಕೆಎಂ ಐತಿ.'

ಕಾಕಾ ದಾನ ಮಾಡಿದ ಖುಷಿಯಲ್ಲಿ ಗುಂಡು ಕೆಳಗಿಡುತ್ತಾರೆ. ಬ್ಯಾಗ್ ಹಗುರ. ಬದುಕಲು ಒಳಗೇ ಇರಬೇಕಾದ ವಲಯ, ಅಂದರೆ ಝೋನ್, ಕುಗ್ಗುತ್ತಿದ್ದರೂ ಮನೆ ಮನೆ ತಿರುಗುವ ಚಾಳಿಗೂ ಇದೇ ಮದ್ದು. 'ಬರ್ರಿ, ಬರ್ರಿ' ಅಂತ ಕೂಗದೆ, 'ಕಾಕಾ, ಝೋನ್ ಇಲ್ಲಿಂದ ಎಷ್ಟ್ ದೂರ ಐತ್ರಿ?' ಅಂತ ಕೇಳುತ್ತೇನೆ. ಮ್ಯಾಪ್ ತೆಗೆದು ನೋಡಿದವರೇ ಗಾಡಿ ಹುಡುಕಲು ಓಡುತ್ತಾರೆ. ಉತ್ತರ ನನಗೆ ಗೊತ್ತಿದೆ ಅಂತ ಅವರಿಗೂ ಗೊತ್ತು ಅನಿಸುತ್ತದೆ. ಆದರೆ ಹಿರಿಯರ ಮಾನ ಉಳಿಯಿತು, ಆಟವೂ ಉಳಿಯಿತು.

ಮಗನಿಗೆ ಮಾತ್ರ ನೇರವಾಗಿಯೇ ಹೇಳಿದೆ, ಆದರೆ ಆಟದಲ್ಲಿ ಅಲ್ಲ, ಬೇರೆ ಹೊತ್ತಿನಲ್ಲಿ ಫೋನ್ ಮಾಡಿ. ವಿಷಯ ಅವನ ಆಟದ್ದಲ್ಲ, ಬಾಯಿಯದ್ದು. ಬಿಜಿಎಂಐನಲ್ಲಿ ನೆಲಕ್ಕೆ ಬಿದ್ದವನನ್ನು ಎಬ್ಬಿಸಲು 10 ಸೆಕೆಂಡ್ ಬೇಕು. ಬಿದ್ದವನು ಎಲ್ಲಿಗೂ ಹೋಗುವ ಹಾಗಿಲ್ಲ, ಎಬ್ಬಿಸುವವನಿಗೂ ಬೇರೆ ಕೆಲಸ ಇಲ್ಲ. ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ ಅನಿಸುತ್ತದೆ. ನನ್ನ ಪ್ರಕಾರ ಇದಕ್ಕಿಂತ ಕೆಟ್ಟದ್ದು ಇಲ್ಲ. ಸಾಲಗಾರನನ್ನು ಊಟಕ್ಕೆ ಕೂರಿಸಿ ಬಡ್ಡಿ ಕೇಳಿದ ಹಾಗೆ. ಹಾಗಾಗಿ ನಮ್ಮ ತಂಡದಲ್ಲಿ ಒಂದು ಕಟ್ಟು ಮಾಡಿದೆವು. ಮೊದಲು ಸ್ಮೋಕ್ ಒಗೆಯಬೇಕು, ಎಬ್ಬಿಸಬೇಕು. ಆ 10 ಸೆಕೆಂಡ್ ಬಾಯಿಂದ ಬರಬೇಕಾದದ್ದು 'ಹೊಡೆದವ ಯಾವ ಕಡೆ?' ಅನ್ನುವ ಪ್ರಶ್ನೆ ಮಾತ್ರ. ಕಾಕಾನ ಮಗ ಮೊದಲು ಮೂಗು ಮುರಿದ. ಈಗ ಅವನೇ ಗೆಳೆಯನಿಗೆ ಅದನ್ನು ಜ್ಞಾಪಿಸುತ್ತಾನೆ, ಸ್ವಲ್ಪ ಜೋರಾಗಿಯೇ.

ಕೇಳಿ ಬಂದವರಿಗೆ ಹೇಳುವುದು ಬೇರೆ ಲೆಕ್ಕ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಕಲಿಸಿ ಅಂದಳು. ಆಟದೊಳಗಿನ ಅಭ್ಯಾಸದ ಜಾಗಕ್ಕೆ ಕರೆದುಕೊಂಡು ಹೋಗಿ ಒಂದೇ ವಿಷಯ ತೋರಿಸಿದೆ: ಓಡುತ್ತಾ ಗುಂಡು ಬಿಟ್ಟರೆ ಗೋಡೆಯ ತುಂಬ ಚೆಲ್ಲುತ್ತದೆ, ನಿಂತು ಬಿಟ್ಟರೆ ಒಂದೇ ಕಡೆ ಬೀಳುತ್ತದೆ. ಗೋಡೆಯ ಮೇಲಿನ ತೂತು ನೋಡಿ ಅವಳಿಗೇ ಅರ್ಥವಾಯಿತು. ಪಂದ್ಯದ ನಡುವೆ 'ನಿಂತು ಹೊಡಿ' ಅಂತ ಕೂಗಿದ್ದರೆ ನಿಲ್ಲುತ್ತಿದ್ದಳು, ನಿಂತಲ್ಲೇ ಸಾಯುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಸುದ್ದಿಯೂ ನಡೆಯುವುದಿಲ್ಲ, ಪ್ರಶ್ನೆಯೂ ನಡೆಯುವುದಿಲ್ಲ: ಬಿಜಿಎಂಐ ಶುರುವಾದಾಗ ವಿಮಾನದಿಂದ ಎಲ್ಲಿ ಇಳಿಯಬೇಕು ಅನ್ನುವುದು. ಎರಾಂಗಲ್ ಮ್ಯಾಪ್ ಬಂದರೆ ಕಾಕಾಗೆ ಪೊಚಿಂಕಿಯೇ ಆಗಬೇಕು. ಮ್ಯಾಪಿನ ನಡುವಿನ ಊರು ಅದು, ಮನೆಗಳು ಒತ್ತೊತ್ತು, ಸಾಮಾನು ಬೇಕಾದಷ್ಟು. ಅಷ್ಟೇ ಜನವೂ ಇಳಿಯುತ್ತಾರೆ. ಈ ಜಗಳ ದಿನಾ ಯಾಕೆ ಅಂತ ಸರದಿ ಹಚ್ಚಿದೆವು. ಒಂದೊಂದು ಪಂದ್ಯಕ್ಕೆ ಒಬ್ಬರು ಗುರುತು ಹಾಕುತ್ತಾರೆ, ಉಳಿದ ಮೂವರು ತುಟಿ ಪಿಟಕ್ ಅನ್ನುವಂತಿಲ್ಲ. ಕಾಕಾನ ಸರದಿ ಬಂದಾಗ ಅವರ ಜೊತೆಗೇ ಹಾರಿ ಮೊದಲ ಮನೆಗೆ ನುಗ್ಗಿ ಹೆಲ್ಮೆಟ್ ಹುಡುಕುತ್ತೇನೆ. ಎರಡು ಸಿಕ್ಕರೆ ಒಂದನ್ನು ಬಾಗಿಲ ಹತ್ತಿರವೇ ಬಿಟ್ಟು, 'ಕಾಕಾ, ಇಲ್ಲೊಂದು ಹೆಲ್ಮೆಟ್ ಬಿದ್ದೈತ್ರಿ' ಅಂತ ಗುರುತು ಹಾಕುತ್ತೇನೆ.