ಬೀಗ ಬಿದ್ದಿರೋ ಸಮುದಾಯ ಭವನದ ಜಾಗದಲ್ಲಿ ಪಾರ್ಕಿಂಗ್ ಮಾಡಿಸ್ಬೇಕಾ? ಮೊದ್ಲು ಟೇಪ್ ಹಿಡೀರಿ

ನಮ್ಮ ವಾರ್ಡಲ್ಲಿ ಮಾರ್ಕೆಟ್ ಹಿಂದೆ ಒಂದು ಸಮುದಾಯ ಭವನ ಇತ್ತು, ಶೀಟು ಒಡೆದು ಸೋರ್ತಿತ್ತು, ಗೇಟಿಗೆ ಬೀಗ, ಒಳಗೆ ಮುರಿದ ಚೇರು. ಎದುರುಗಡೆ ರಸ್ತೇಲಿ ಮಾತ್ರ ಕಾರು ಎರಡು ಸಾಲು ನಿಂತಿರೋದು. ಅದನ್ನ ಕೆಡವಿ ಪಾರ್ಕಿಂಗ್ ಮಾಡ್ಸಿ ಅಂತ ಅರ್ಜಿ ಹಿಡ್ಕೊಂಡು ಓಡಾಡಿದವರಲ್ಲಿ ನಾನೂ ಒಬ್ಬ. ಎರಡು ವರ್ಷ ಹಿಡೀತು, ಅದರಲ್ಲಿ ಒಂದು ವರ್ಷ ನಮ್ಮ ತಪ್ಪಿಂದಾನೇ ಹೋಯ್ತು.

ತಪ್ಪು ಏನಪ್ಪಾ ಅಂದ್ರೆ, ಭವನ ಖಾಲಿ ಅಂತ ನಾವೇ ತೀರ್ಮಾನ ಮಾಡ್ಬಿಟ್ಟಿದ್ವಿ. ಮೀಟಿಂಗಲ್ಲಿ ಹಿಂದಿನ ಬೀದಿ ಹೆಂಗಸ್ರು ಎದ್ದು ನಿಂತು ಕೇಳಿದ್ರು, ನಮ್ಮನೆ ನಾಮಕರಣ ತಿಥಿ ಎಲ್ಲಿ ಮಾಡೋಣ ಸ್ವಾಮಿ, ಛತ್ರದ ಬಾಡಿಗೆ ನೀವು ಕೊಡ್ತೀರಾ ಅಂತ. ಬಾಯಿ ಮುಚ್ಕೊಂಡು ಕೂತ್ವಿ. ಅದಕ್ಕೆ ನೀವು ಮೊದ್ಲು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ, 10 ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡ್ಬೇಕು. ಕೇಳ್ಬೇಕಾದ್ದು ಇಷ್ಟು: ಕಳೆದ ಮೂರು ವರ್ಷದ ಬುಕಿಂಗ್ ರಿಜಿಸ್ಟರ್, ಬಂದ ಬಾಡಿಗೆ, ರಿಪೇರಿ ಖರ್ಚು, ಕಟ್ಟಿಸಿದ್ದು ಯಾವ ಅನುದಾನದಲ್ಲಿ, ಜಾಗ ಯಾರ ಹೆಸರಲ್ಲಿದೆ. ಆದ್ರೆ ರಿಜಿಸ್ಟರಲ್ಲಿ ಇಲ್ಲದ್ದೂ ಇರತ್ತೆ, ಸ್ತ್ರೀಶಕ್ತಿ ಸಂಘದ ಸಭೆ, ಪೋಲಿಯೋ ಹನಿ, ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದವರು ಬಂದು ಮಲಗೋದು, ಹೀಗೆ. ಅಕ್ಕಪಕ್ಕದ ಮನೆಗೆ ಹೋಗಿ ಕೂತು ಕೇಳಿದ್ರೇನೇ ಗೊತ್ತಾಗೋದು. ಆ ಕೆಲಸಕ್ಕೆಲ್ಲ ಬದಲಿ ಜಾಗ ತೋರ್ಸಿದ ಮೇಲೇನೇ ಕೆಡವೋ ಮಾತು ಎತ್ತಿ. ನಮ್ಮಲ್ಲಿ ಸರ್ಕಾರಿ ಶಾಲೆ ಹಾಲು ರಜಾ ದಿನ ಬಿಟ್ಟುಕೊಡ್ತೀವಿ ಅಂತ ಲಿಖಿತವಾಗಿ ಬಂದ್ಮೇಲೇ ಆ ಹೆಂಗಸ್ರು ಒಪ್ಪಿದ್ದು. ಭವನ ಮತಗಟ್ಟೆ ಆಗಿದ್ರೆ ತಾಲೂಕು ಆಫೀಸಿನ ಚುನಾವಣಾ ಶಾಖೆಗೂ ಮುಂಚೇನೇ ಪತ್ರ ಕೊಡಿ, ಇದನ್ನ ಎಲ್ರೂ ಮರೀತಾರೆ.

ಈಗ ಅಳತೆ. ಒಂದು ಕಾರು ನಿಲ್ಸೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು, ದಾರಿಗೆ 90 ಡಿಗ್ರೀಲಿ ನಿಲ್ಸೋದಾದ್ರೆ ತಿರುಗಿಸಿ ತೆಗೆಯೋಕೆ ಮಧ್ಯೆ ಆರು ಮೀಟರ್ ದಾರಿ. ಓಡಾಡೋ ದಾರಿ ಎಲ್ಲ ಸೇರಿಸಿ ಬಯಲು ಪಾರ್ಕಿಂಗಲ್ಲಿ ಕಾರಿಗೆ ಸುಮಾರು 23 ಚದರ ಮೀಟರ್ ಅಂತ ಪ್ಲಾನಿಂಗ್‌ನವರು ಲೆಕ್ಕ ಹಿಡೀತಾರೆ. 60x90 ಅಡಿ ಜಾಗ ಅಂದ್ರೆ ಎರಡು ಸಾಲು ಬರತ್ತೆ, ಸಾಲಿಗೆ ಹತ್ತು, ಒಟ್ಟು 20 ಕಾರು, ಗೇಟು ಕಂಬ ಎಲ್ಲ ಕಳೆದ್ರೆ 17-18. 40x60 ಆದ್ರೆ ಅಗಲ ಸಾಲದೆ ಒಂದೇ ಸಾಲು, ಏಳು ಕಾರು ಅಷ್ಟೇ! ಏಳು ಕಾರಿಗೋಸ್ಕರ ಬಿಲ್ಡಿಂಗ್ ಕೆಡವ್ಬೇಡಿ ದಯವಿಟ್ಟು, ಬೇಕಿದ್ರೆ ಅಂಗಳ ಸಮ ಮಾಡಿಸಿ ಬೈಕ್ ಸ್ಟ್ಯಾಂಡ್ ಕೇಳಿ.

ಹಾಗಾದ್ರೆ ಮೇಲಕ್ಕೆ ಕಟ್ಟೋಣ ಅಂತ ಯಾರಾದ್ರೂ ಅಂದೇ ಅಂತಾರೆ. ಮಂಗಳೂರು ಹಂಪನಕಟ್ಟೇಲಿ, ಮೈಸೂರು ಟೌನ್‌ಹಾಲ್ ಹತ್ರ ಪಾರ್ಕಿಂಗ್ ಕೆಲಸ ವರ್ಷಗಟ್ಲೆ ಅರ್ಧಕ್ಕೆ ನಿಂತಿದ್ದು ನೋಡಿದೀವಲ್ಲ. ಬೆಂಗಳೂರು ಫ್ರೀಡಂ ಪಾರ್ಕಿನ ಬಹುಮಹಡಿ ಪಾರ್ಕಿಂಗ್ 500ಕ್ಕಿಂತ ಜಾಸ್ತಿ ಕಾರಿನದ್ದು, ಕಟ್ಟಿ ಮುಗಿದ್ರೂ ನಡೆಸೋರು ಸಿಗದೆ ಕಾದು ಕೊನೆಗೆ 2024ರಲ್ಲಿ ಶುರುವಾಯ್ತು. ಸಣ್ಣ ಊರಿಗೆ ನೆಲದ ಪಾರ್ಕಿಂಗೇ ಸಾಕು, ನನ್ನ ಅಭಿಪ್ರಾಯ ಇದು.

ಕಾಗದದ ಕೆಲಸ ಜಾಸ್ತಿ ಹೇಳಲ್ಲ. ಜಾಗ ನಗರಸಭೇದೇ ಅಂತ ಖಾತೆ ನೋಡ್ಕೊಳ್ಳಿ, ಮುಜರಾಯಿದೋ ಟ್ರಸ್ಟಿಂದೋ ಆದ್ರೆ ದಾರಿನೇ ಬೇರೆ. ಮಾಸ್ಟರ್ ಪ್ಲಾನಲ್ಲಿ ಆ ಜಾಗ ಯಾವ ಬಳಕೆಗೆ ಅಂತ ಯೋಜನಾ ಪ್ರಾಧಿಕಾರದಲ್ಲಿ ಕೇಳಿ. ಆಮೇಲೆ ಇಂಜಿನಿಯರ್ ಕೈಲಿ ಬಿಲ್ಡಿಂಗ್ ಸ್ಥಿತಿ ವರದಿ, ಸಾಮಾನ್ಯ ಸಭೇಲಿ ಠರಾವು. ಬಾಯಿಮಾತಿನ ಭರವಸೆ ನಂಬ್ಬೇಡಿ, ಠರಾವಿನ ನಕಲು ಕೈಗೆ ಬರಬೇಕು.

ಕೆಡವೋವಾಗ ಎಲ್ಲಾನೂ ಕೆಡವ್ಬೇಡಿ. ಬೋರ್‌ವೆಲ್, ಟಾಯ್ಲೆಟ್, ವಾಚ್‌ಮನ್ ರೂಮು ಉಳಿಸ್ಕೊಳ್ಳಿ, ಪಾರ್ಕಿಂಗಿಗೂ ಅವು ಬೇಕೇ ಬೇಕು, ಮತ್ತೆ ಕಟ್ಟೋಕೆ ದುಡ್ಡು ಯಾರು ಕೊಡ್ತಾರೆ. ಬಾಗ್ಲು ಕಿಟಕಿ ಕಬ್ಬಿಣ ಹರಾಜಿಗೆ ಬರ್ಲಿ, ರಾತ್ರೋರಾತ್ರಿ ಮಾಯ ಆಗೋ ಮುಂಚೆ ಫೋಟೋ ತೆಗೆದಿಡಿ. ಮರ ಇದ್ರೆ ವೃಕ್ಷ ಅಧಿಕಾರಿ ಅನುಮತಿ ಇಲ್ದೆ ಕಡಿಯೋ ಹಾಗಿಲ್ಲ, 1976ರ ಕಾಯ್ದೆ ಇದೆ, ಅಲ್ದೆ ನೆರಳಿಲ್ದೆ ಏಪ್ರಿಲ್‌ನಲ್ಲಿ ಆ ಕಾರೊಳಗೆ ಕೂರೋರು ಯಾರು? ಇನ್ನೊಂದು, ಕೆಡವಿದ ಮೇಲೆ ಜಾಗ ತಿಂಗಳುಗಟ್ಲೆ ಬಿಟ್ರೆ ಕಸದ ಗುಂಡಿ ಆಗೋದು ಗ್ಯಾರಂಟಿ, ನಮ್ಮಲ್ಲಿ ಮೂರೇ ವಾರಕ್ಕೆ ಆಯ್ತು, ಹಾಗಾಗಿ ನೆಲದ ಕೆಲಸದ ಟೆಂಡರ್ ಆಗೋವರೆಗೂ ಜೆಸಿಬಿ ಒಳಗೆ ಬಿಡ್ಬೇಡಿ.

ನೆಲಕ್ಕೆ ಇಂಟರ್‌ಲಾಕ್ ಹಾಕ್ಸಿ, ಆದ್ರೆ ಅದರ ಕೆಳಗೆ ಜಲ್ಲಿ ಸರಿಯಾಗಿ ದಮ್ಮಸ್ ಆಗಿದ್ಯಾ ಅಂತ ನಿಂತು ನೋಡಿ, ಇಲ್ಲಾಂದ್ರೆ ಮೊದಲ ಮಳೆಗೇ ಕೂತ್ಕೊಳತ್ತೆ. ಇಳಿಜಾರು ಚರಂಡಿ ಕಡೆಗಿರ್ಲಿ, ಪಕ್ಕದ ಮನೆ ಗೋಡೆ ಕಡೆಗಲ್ಲ. ಅಂಗವಿಕಲರಿಗೆ ಗೇಟ್ ಹತ್ರಾನೇ ಅಗಲದ ಜಾಗ ಬಿಡ್ಸಿ.

ಎಲ್ಲಾ ಮುಗಿದು ಉದ್ಘಾಟನೆ ಆದ್ರೂ ರಸ್ತೇಲಿ ಪುಕ್ಕಟೆ ನಿಲ್ಸೋಕೆ ಬಿಟ್ರೆ ಒಳಗೆ ಯಾರೂ ಬರಲ್ಲ. ಅದಕ್ಕೆ ಅದೇ ವಾರ ಎದುರು ರಸ್ತೆಗೆ ನೋ ಪಾರ್ಕಿಂಗ್ ಬೋರ್ಡು ಬೀಳೋ ಹಾಗೆ ಟ್ರಾಫಿಕ್ ಪೊಲೀಸರ ಹತ್ರ ಮುಂಚೇನೇ ಮಾತಾಡಿ. ದರ ಗಂಟೆ ಲೆಕ್ಕದಲ್ಲಿರ್ಲಿ, ದೊಡ್ಡ ಬೋರ್ಡಲ್ಲಿ ಬರ್ಸಿ. ತಿಂಗಳ ಪಾಸಿಗೆ ಮಾತ್ರ ಟೆಂಡರಲ್ಲೇ ಮಿತಿ ಹಾಕ್ಸಿ, ಯಾಕಂದ್ರೆ ನಮ್ಮಲ್ಲಿ ಮೊದಲ ತಿಂಗಳು ಹದಿನೆಂಟರಲ್ಲಿ ಹದಿನಾಲ್ಕು ಜಾಗ ಅಂಗಡಿಯವರೇ ಪಾಸ್ ಮಾಡ್ಸಿ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಹಿಡ್ಕೊಂಡು ಕೂತ್ರು, ಗಿರಾಕಿಗಳು ಮತ್ತೆ ರಸ್ತೇಲೇ. ಈಗ ಐದೇ ಪಾಸು ಕೊಡೋದು, ಅದೂ ಚೀಟಿ ಎತ್ತಿ.