ಹೊಸ ಕೆರೆ, ಗಟ್ಟಿ ಐಸ್: ತೂತು ಎಲ್ಲಿ ಕೊರೆಯಬೇಕು?

ಚಳಿಗಾಲ ಬಂತೆಂದರೆ ಅಮೆರಿಕದ ಮಿನ್ನೆಸೋಟ ರಾಜ್ಯದ ಕೆರೆಗಳ ಮೇಲೆ ಊರುಗಳೇ ಏಳುತ್ತವೆ. ಟೆಂಟು, ಗಾಲಿ ಮನೆ, ಸ್ನೋಮೊಬೈಲು, ಪಿಕಪ್ ಟ್ರಕ್ಕು. ಮಿನಿಯಾಪೊಲಿಸ್ ಸುತ್ತ ಕೆಲಸಕ್ಕೆ ಬಂದ ನಮ್ಮ ಕನ್ನಡದ ಹುಡುಗರೂ ಈಗ ಐಸ್ ಫಿಶಿಂಗ್‌ಗೆ ಇಳಿದಿದ್ದಾರೆ. ಅಂದರೆ ಹೆಪ್ಪುಗಟ್ಟಿದ ಕೆರೆಯ ಐಸ್ ಕೊರೆದು, ಆ ತೂತಿನಲ್ಲಿ ಗಾಳ ಹಾಕುವುದು. ಖುಷಿಯ ವಿಷಯ. ಆದರೆ ಹೊಸಬರು ಮಾಡುವ ತಪ್ಪು ಒಂದೇ. ಕಾರು ನಿಲ್ಲಿಸುತ್ತಾರೆ. ಎಲ್ಲಿ ಟೆಂಟು ಜಾಸ್ತಿ ಇವೆಯೋ ಅಲ್ಲಿಗೆ ನಡೆಯುತ್ತಾರೆ. ಒಂದು ತೂತು ಕೊರೆದು, ಹೀಟರ್ ಹಚ್ಚಿ, ಸಂಜೆವರೆಗೆ ಅದರ ಮುಂದೆಯೇ ಕೂರುತ್ತಾರೆ. ಬರಿಗೈಲಿ ವಾಪಸ್ ಬಂದು, ಈ ಕೆರೆಯಲ್ಲಿ ಮೀನೇ ಇಲ್ಲ ಅನ್ನುತ್ತಾರೆ. ಮೀನು ಇರುತ್ತದೆ. ತೂತಿನಿಂದ ಐವತ್ತು ಹೆಜ್ಜೆ ಆಚೆ ಇರುತ್ತದೆ ಅಷ್ಟೆ.

ಬೇಸಿಗೆಯಲ್ಲಿ ದೋಣಿಯಿಂದ ಗಾಳ ಎಳೆಯುತ್ತಾ ಕೆರೆಯನ್ನೆಲ್ಲ ಜಾಲಾಡಬಹುದು. ದಡದಲ್ಲಿ ನಿಂತರೂ ಎಸೆದಷ್ಟು ದೂರ ನಿಮ್ಮದೇ. ಐಸ್ ಮೇಲೆ ಹಾಗಲ್ಲ. ಎಂಟು ಇಂಚಿನ ತೂತಿನ ಕೆಳಗೆ ಏನಿದೆಯೋ ಅಷ್ಟೇ ನಿಮ್ಮ ಪಾಲಿನ ಕೆರೆ. ಅದಕ್ಕೇ ರಾಡು, ಗಾಳ, ಎರೆ ಇವೆಲ್ಲಕ್ಕಿಂತ ಜಾಗದ ಆಯ್ಕೆ ದೊಡ್ಡದು.

1. ಮೊದಲು ಮೀನು, ಆಮೇಲೆ ಜಾಗ

ಮನೆಯಲ್ಲೇ ಕೂತು ತೀರ್ಮಾನಿಸಿ: ಇವತ್ತು ಯಾವ ಮೀನು? ವಾಲೈ, ಕ್ರಾಪಿ, ಬ್ಲೂಗಿಲ್, ಪರ್ಚ್, ನಾರ್ದರ್ನ್ ಪೈಕ್, ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. "ಏನಾದರೂ ಸಿಕ್ಕಲಿ" ಅಂತ ಹೋದರೆ ಏನೂ ಸಿಗುವುದಿಲ್ಲ.

ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೇಕ್‌ಫೈಂಡರ್ ಎಂಬ ತಾಣ ಇದೆ. ಪುಕ್ಕಟೆ. ಕೆರೆಯ ಹೆಸರು ಹಾಕಿದರೆ ಇಲಾಖೆ ಬಲೆ ಹಾಕಿ ಎಣಿಸಿದ ಮೀನುಗಳ ಲೆಕ್ಕ, ಯಾವ ವರ್ಷ ಯಾವ ಮರಿ ಬಿಟ್ಟರು ಎಂಬ ವಿವರ, ಅನೇಕ ಕೆರೆಗಳಿಗೆ ಆಳದ ನಕ್ಷೆ, ಆ ಕೆರೆಗೇ ಅಂತ ಇರುವ ನಿಯಮಗಳು ಸಿಗುತ್ತವೆ. ಲೆಕ್ಕದಲ್ಲಿ ಕ್ರಾಪಿಯೇ ಇಲ್ಲದ ಕೆರೆಯಲ್ಲಿ ಕ್ರಾಪಿ ಹುಡುಕುತ್ತಾ ಸುಮ್ನೆ ಒಂದು ದಿನ ಕಳೆಯಬೇಡಿ. ಲೈಸೆನ್ಸ್ ಮತ್ತು ನಿಯಮಗಳನ್ನೂ ಈ ಹಂತದಲ್ಲೇ ನೋಡಿಕೊಳ್ಳಿ. ಒಳನಾಡಿನ ಕೆರೆಗಳಲ್ಲಿ ವಾಲೈ ಹಿಡಿಯುವ ಕಾಲ ಫೆಬ್ರವರಿ ಕೊನೆಗೆ ಮುಗಿಯುತ್ತದೆ.

2. ನಕ್ಷೆಯ ಮೇಲೆ ಮೂರು ಜಾಗ

ಒಂದಲ್ಲ, ಮೂರು. ನಕ್ಷೆಯಲ್ಲಿ ಆಳದ ಗೆರೆಗಳನ್ನು ನೋಡಿ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ತಳ ಕಡಿದಾಗಿ ಇಳಿಯುತ್ತದೆ. ಬಿಡಿಬಿಡಿಯಾಗಿದ್ದರೆ ಸಮತಟ್ಟು. ಕಡಿದಾದ ಇಳಿಜಾರು ಸಮತಟ್ಟಾದ ಜಾಗವನ್ನು ಮುಟ್ಟುವ ಅಂಚೇ ಬೇಕಾದದ್ದು. ದಡದಿಂದ ನೀರೊಳಗೆ ಚಾಚಿದ ಮೂಗು, ಆಳದ ಮಧ್ಯೆ ಮೇಲೆದ್ದ ದಿಬ್ಬ, ಇಳಿಜಾರಿನ ಗೆರೆ ದಡದ ಕಡೆಗೆ ಒಳಬಾಗುವ ಮೂಲೆ, ಇವುಗಳ ಮೇಲೆ ಗುರುತು ಹಾಕಿ. ನನ್ನನ್ನು ಕೇಳಿದರೆ ಆ ಒಳಮೂಲೆಯೇ ಮೊದಲ ಆಯ್ಕೆ. ಆಳದಿಂದ ಮೇಯಲು ಬರುವ ಮೀನು ಅಲ್ಲಿ ಒಟ್ಟುಗೂಡುತ್ತದೆ.

ಎಲ್ಲಾ ಕೆರೆಗಳಿಗೂ ಇದೇ ಸೂತ್ರ ನಡೆಯುವುದಿಲ್ಲ. ಮಿಲ್ ಲ್ಯಾಕ್ಸ್ ಕೆರೆ 1,32,000 ಎಕರೆ ಇದೆ, ಆದರೆ ಅತಿ ಹೆಚ್ಚು ಆಳ ಬರೀ 42 ಅಡಿ. ಅದರ ಉತ್ತರ ಭಾಗದಲ್ಲಿ ಕೆಸರಿನ ದೊಡ್ಡ ದೊಡ್ಡ ದಿಬ್ಬಗಳಿವೆ. ಅಲ್ಲಿನವರು ಮಡ್ ಫ್ಲ್ಯಾಟ್ ಅನ್ನುತ್ತಾರೆ. ದಿಬ್ಬದ ನೆತ್ತಿಯಲ್ಲಿ ಕೂರಬೇಡಿ, ಅಂಚಿನಲ್ಲಿ ಕೂರಿ. ದಕ್ಷಿಣಕ್ಕೆ ಬಂದರೆ ಕಲ್ಲು, ಜಲ್ಲಿಯ ದಿಬ್ಬಗಳು. ಇನ್ನು ಅಪ್ಪರ್ ರೆಡ್ ಕೆರೆ ಬೇರೆಯೇ. ಬಹುಪಾಲು 15 ಅಡಿಯೊಳಗೇ ಆಳ, ತಟ್ಟೆಯಂಥ ತಳ. ಅಲ್ಲಿ ಒಂದೆರಡು ಅಡಿ ವ್ಯತ್ಯಾಸ ಸಿಕ್ಕರೂ ದೊಡ್ಡದು. ಅಲ್ಲಿ ಇನ್ನೊಂದು ಎಚ್ಚರ ಬೇಕು: ಆ ಕೆರೆಯ ಪಶ್ಚಿಮ ಭಾಗ ರೆಡ್ ಲೇಕ್ ಬುಡಕಟ್ಟಿನವರದು. ಹೊರಗಿನವರು ಅಲ್ಲಿ ಗಾಳ ಹಾಕುವಂತಿಲ್ಲ. ಗಡಿ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಮಾಡಿಕೊಂಡೇ ಹೊರಡಿ.

ನಕ್ಷೆಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಕೊಳ್ಳಿ. ಮೈನಸ್ ಚಳಿಯಲ್ಲಿ ಫೋನ್ ಬ್ಯಾಟರಿ ಕಣ್ಣೆದುರೇ ಖಾಲಿಯಾಗುತ್ತದೆ. ಮತ್ತೆ, ಯಾರೋ ಅಪರಿಚಿತರು ಮೀನು ಸಿಕ್ಕಿತು ಅಂತ ಆ್ಯಪ್‌ಗಳಲ್ಲಿ ಚುಚ್ಚಿದ ಗುರುತುಗಳನ್ನು ನಂಬಿ ಹೋಗಬೇಡಿ. ಯಾವ ತಿಂಗಳು, ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಗೊತ್ತಿಲ್ಲದ ಗುರುತಿಗೆ ಬೆಲೆ ಇಲ್ಲ.

3. ತಿಂಗಳು ನೋಡಿ ಆಳ ಬದಲಿಸಿ

ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರವಾಗಿರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಐಸ್‌ಗೆ ತಾಗಿದ ನೀರು ತೀರಾ ತಣ್ಣಗೆ, ತಳದ ನೀರು ಸ್ವಲ್ಪ ಬೆಚ್ಚಗೆ. ಆದರೆ ಬರೀ ಬಿಸಿ ನೋಡಿ ಮೀನು ಜಾಗ ಬದಲಿಸುವುದಿಲ್ಲ. ಉಸಿರು, ಆಹಾರ ಎರಡೂ ಬೇಕು.

ಡಿಸೆಂಬರ್‌ನ ಹೊಸ ಐಸ್‌ನಲ್ಲಿ ನೀರುಗಿಡಗಳು ಇನ್ನೂ ಹಸಿರಾಗಿರುತ್ತವೆ. ಮೀನು ದಡದ ಹತ್ತಿರ, ಹತ್ತು ಹದಿನೈದು ಅಡಿಯೊಳಗೇ ಇರುತ್ತದೆ. ಜನವರಿ ಕಳೆಯುವ ಹೊತ್ತಿಗೆ ಐಸ್ ಮೇಲೆ ಹಿಮ ಕೂತು ಬೆಳಕು ಒಳಗೆ ಇಳಿಯುವುದಿಲ್ಲ. ಗಿಡ ಸಾಯುತ್ತದೆ, ಕೊಳೆಯುತ್ತದೆ, ಕೊಳೆಯುತ್ತಾ ಆಮ್ಲಜನಕ ತಿನ್ನುತ್ತದೆ. ಆಗ ಕ್ರಾಪಿಗಳು ಇಪ್ಪತ್ತು, ಮೂವತ್ತು ಅಡಿಯ ತಗ್ಗುಗಳ ಕಡೆ ಹೋಗಿ ನಡುನೀರಿನಲ್ಲಿ ತೇಲುತ್ತವೆ. ಚಳಿಗಾಲದ ಕೊನೆಗೆ ಕರಗಿದ ನೀರು ಹೊಸ ಉಸಿರು ತಂದಾಗ ಮತ್ತೆ ದಡದ ಕಡೆಗೆ ಬರುತ್ತವೆ. ಡಿಸೆಂಬರ್‌ನಲ್ಲಿ ಮೀನು ಕೊಟ್ಟ ತೂತಿಗೆ ಫೆಬ್ರವರಿಯಲ್ಲೂ ಹೋಗಿ ಕೂರುವವರು ಇದನ್ನು ಮರೆಯುತ್ತಾರೆ.

4. ಗಾಳದಂಗಡಿಯಲ್ಲಿ ಸರಿಯಾದ ಪ್ರಶ್ನೆ

"ಮೀನು ಎಲ್ಲಿ ಸಿಗ್ತಿದೆ?" ಅಂತ ಕೇಳಬೇಡಿ. ಯಾರೂ ತಮ್ಮ ಜಾಗ ಹೇಳುವುದಿಲ್ಲ. ಎಷ್ಟು ಅಡಿ ಆಳದಲ್ಲಿ, ಎಷ್ಟು ಹೊತ್ತಿಗೆ, ಐಸ್ ಎಲ್ಲಿ ಕೆಟ್ಟಿದೆ, ಈ ಮೂರನ್ನೇ ಕೇಳಿ. ಎರೆ ಮೀನು ಅಲ್ಲೇ ಕೊಂಡುಕೊಳ್ಳಿ. ದೊಡ್ಡ ಕೆರೆಗಳಲ್ಲಿ ರೆಸಾರ್ಟ್‌ನವರು ಹಿಮ ತೆಗೆದು ರಸ್ತೆ ಮಾಡಿರುತ್ತಾರೆ, ಬಿರುಕುಗಳ ಮೇಲೆ ಸೇತುವೆ ಇಟ್ಟಿರುತ್ತಾರೆ. ಹೊಸ ಕೆರೆಯಾದರೆ ಅವರ ಶುಲ್ಕ ಕೊಟ್ಟು ಅದೇ ದಾರಿಯಲ್ಲಿ ಹೋಗಿ. ದುಡ್ಡು ಉಳಿಸುವ ಜಾಗ ಇದಲ್ಲ.

5. ಐಸ್ ಪರೀಕ್ಷೆ

ನಡೆಯಲು ಗಟ್ಟಿಯಾದ, ತಿಳಿಯಾದ ಐಸ್ ಕನಿಷ್ಠ 4 ಇಂಚು ಬೇಕು. ಸ್ನೋಮೊಬೈಲ್‌ಗೆ 5ರಿಂದ 7 ಇಂಚು. ಬೆಳ್ಳಗಿನ, ಹಿಮ ಬೆರೆತ ಐಸ್ ಆದರೆ ಇದರ ಎರಡರಷ್ಟು. ಇದು ಇಲಾಖೆಯ ಮಾರ್ಗಸೂಚಿ. ಗೊತ್ತಿಲ್ಲದ ಕೆರೆಯ ಮೇಲೆ ಕಾರು ತೆಗೆದುಕೊಂಡು ಹೋಗಲೇಬೇಡಿ.

ದಡದಿಂದಲೇ ಉಕ್ಕಿನ ಹಾರೆಯಿಂದ ಮುಂದಿನ ಹೆಜ್ಜೆಯ ಐಸ್ ಮೇಲೆ ಜೋರಾಗಿ ಕುಟ್ಟುತ್ತಾ ನಡೆಯಿರಿ. ಆಗಾಗ ಒಂದು ತೂತು ಕೊರೆದು ಅಳೆಯಿರಿ. ಒಂದು ಕಡೆ ಹತ್ತು ಇಂಚು ಇದ್ದರೆ ಎಲ್ಲಾ ಕಡೆ ಹತ್ತು ಇಂಚು ಅಲ್ಲ. ತೊರೆ ಸೇರುವ ಬಾಯಿ, ಕೆರೆಯ ತಳದ ಬುಗ್ಗೆ, ನೀರಿಗೆ ಗಾಳಿ ಊದುವ ಯಂತ್ರ ಇಟ್ಟು ಕಲಕುವ ಜಾಗ, ಐಸ್ ಹಾಳೆಗಳು ಒತ್ತಿ ಎದ್ದು ನಿಂತ ಏಣು, ಇವುಗಳಿಂದ ದೂರ ಇರಿ. ಮಿನ್ನೆಟೊಂಕಾದಂಥ ಕೆರೆಯಲ್ಲಿ ಕೊಲ್ಲಿಯಿಂದ ಕೊಲ್ಲಿಗೆ ಕಾಲುವೆಗಳಿವೆ. ಸೇತುವೆ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ, ಅಲ್ಲಿ ಐಸ್ ನಂಬುವಂತಿಲ್ಲ. ಕುತ್ತಿಗೆಗೆ ಐಸ್ ಪಿಕ್ (ನೀರಿಗೆ ಬಿದ್ದರೆ ಐಸ್‌ಗೆ ಚುಚ್ಚಿ ಮೇಲೆ ಬರಲು ಬೇಕಾದ ಮೊನೆ) ನೇತುಹಾಕಿಕೊಳ್ಳಿ, ಜಾಕೆಟ್ ಮೇಲೆ ಲೈಫ್ ವೆಸ್ಟ್ ಹಾಕಿ. ಒಬ್ಬರೇ ಹೋಗಬೇಡಿ.

6. ತೂತುಗಳ ಸಾಲು: ಕೆಡುವುದು ಇಲ್ಲೇ

ನಕ್ಷೆ ನಿಮ್ಮನ್ನು ಜಾಗದ ಹತ್ತಿರ ಬಿಡುತ್ತದೆ. ಅಲ್ಲಿಂದ ಮುಂದೆ ತೂತುಗಳೇ ದಾರಿ ತೋರಿಸಬೇಕು. ನಕ್ಷೆಯ ಗೆರೆ ಎಷ್ಟೋ ಸಲ ಹತ್ತಾರು ಹೆಜ್ಜೆ ಆಚೀಚೆ ಇರುತ್ತದೆ. ಮೀನಿಗೆ ಬೇಕಾದ ಅಂಚು ಕೆಲವೊಮ್ಮೆ ಒಂದು ಕೋಣೆಯಷ್ಟೂ ಅಗಲ ಇರುವುದಿಲ್ಲ.

ಟೆಂಟನ್ನು ಸ್ಲೆಡ್‌ನಲ್ಲೇ ಬಿಡಿ. ಕುರ್ಚಿ ಬಿಚ್ಚಬೇಡಿ. ಮೊದಲು ದಡದ ಕಡೆಯಿಂದ ಆಳದ ಕಡೆಗೆ ನೇರ ಸಾಲಿನಲ್ಲಿ ತೂತು ಕೊರೆಯಿರಿ. ಸಮತಟ್ಟಿನ ಮೇಲೆ ಹತ್ತು ಹದಿನೈದು ಹೆಜ್ಜೆಗೊಂದು ಸಾಕು. ಪ್ರತಿ ತೂತಿನಲ್ಲೂ ಆಳ ನೋಡಿ, ಪಕ್ಕದ ಹಿಮದ ಮೇಲೆ ಬೆರಳಿನಿಂದ ಬರೆಯಿರಿ: 8, 9, 9, 10, 17. ನೋಡಿ, ಹತ್ತು ಮತ್ತು ಹದಿನೇಳರ ನಡುವೆ ಇಳಿಜಾರು ಅಡಗಿದೆ. ಅವೆರಡರ ಮಧ್ಯೆ ಮೂರು ನಾಲ್ಕು ಹೆಜ್ಜೆಗೊಂದು ತೂತು ಹಾಕಿ. ನೆತ್ತಿ ಎಲ್ಲಿ, ಬುಡ ಎಲ್ಲಿ ಅಂತ ಈಗ ಗೊತ್ತಾಗುತ್ತದೆ.

ಇಲ್ಲಿಗೆ ಅರ್ಧ ಕೆಲಸ. ಬಹಳ ಜನ ಇಷ್ಟು ಮಾಡಿ ನಿಲ್ಲಿಸುತ್ತಾರೆ. ಈಗ ದಿಕ್ಕು ತಿರುಗಿಸಿ. ಇಳಿಜಾರಿನ ಬುಡಕ್ಕೆ ಸಮನಾಗಿ, ದಡದ ಜೊತೆಜೊತೆಗೆ ಎರಡನೇ ಸಾಲು ಕೊರೆಯಿರಿ. ಆಳ ಒಂದೇ ಸಮ ಬರುತ್ತಿದ್ದರೆ ಗೆರೆ ನೇರವಾಗಿದೆ. ಇದ್ದಕ್ಕಿದ್ದಂತೆ ಆಳ ಜಾಸ್ತಿಯಾದರೆ ಗೆರೆ ದಡದ ಕಡೆಗೆ ಬಾಗಿದೆ. ಅದೇ ಒಳಮೂಲೆ. ಕಡಿಮೆಯಾದರೆ ಮೂಗು ಚಾಚಿದೆ.

ಆಳದಷ್ಟೇ ಮುಖ್ಯ ತಳದ ಗುಣ. ಫ್ಲ್ಯಾಷರ್ (ಶಬ್ದದ ಅಲೆ ಕಳಿಸಿ ಆಳ, ತಳ, ಮೀನು ತೋರಿಸುವ ಸೋನಾರ್ ಸಾಧನ) ಇದ್ದರೆ ಅದೇ ಹೇಳುತ್ತದೆ. ಮೂರು ಬಣ್ಣದ ಫ್ಲ್ಯಾಷರ್‌ನಲ್ಲಿ ಗಟ್ಟಿ ತಳ ಕೆಂಪಗೆ ದಪ್ಪ ಪಟ್ಟಿಯಾಗಿ ಕಾಣುತ್ತದೆ, ಕೆಲವೊಮ್ಮೆ ಅದರ ಕೆಳಗೆ ಎರಡನೇ ಪ್ರತಿಧ್ವನಿಯೂ ಕಾಣುತ್ತದೆ. ಕೆಸರಾದರೆ ಮಂಕು. ಇಲ್ಲದಿದ್ದರೆ ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡಿ. ಕಲ್ಲಿಗೆ ಬಡಿದರೆ ಕೈಗೆ ಟಕ್ ಅಂತ ಗೊತ್ತಾಗುತ್ತದೆ. ಕೆಸರಿಗೆ ಬಿದ್ದರೆ ಮೆತ್ತಗೆ ಹೂತು, ಎಳೆದಾಗ ಅಂಟಿದಂತಾಗುತ್ತದೆ. ಗಟ್ಟಿ ತಳ ಮೆತ್ತಗಿನ ತಳಕ್ಕೆ ಸೇರುವ ಗೆರೆ ಸಿಕ್ಕರೆ ಬಿಡಬೇಡಿ. ವಾಲೈ, ಪರ್ಚ್ ಎರಡಕ್ಕೂ ಅದು ಇಷ್ಟದ ಜಾಗ. ಕೆಸರಿನ ಹುಳಗಳನ್ನು ತಿನ್ನಲು ಪರ್ಚ್ ಬರುತ್ತದೆ, ಅದನ್ನು ತಿನ್ನಲು ವಾಲೈ.

ಬ್ಲೂಗಿಲ್ ಬೇಕಾದರೆ ಗಿಡ ನೋಡಬೇಕು. ಹತ್ತು ಅಡಿಯೊಳಗಿನ ತಿಳಿನೀರಾದರೆ ಐಸ್ ಮೇಲೆ ಬೋರಲು ಮಲಗಿ, ತಲೆ ಮೇಲೆ ಜಾಕೆಟ್ ಹೊದ್ದು, ಬೆಳಕು ಮುಚ್ಚಿ ತೂತಿನೊಳಗೆ ನೋಡಿ. ತಳ ಕಾಣುತ್ತದೆ. ಗಾಳದಿಂದ ಒಂದು ಎಳೆ ಕಿತ್ತು ತೆಗೆಯಿರಿ. ಹಸಿರಾಗಿ ಗರಿಗರಿ ಇದ್ದರೆ ಅಲ್ಲೇ ಇರಿ. ಕಂದು ಬಣ್ಣಕ್ಕೆ ತಿರುಗಿ ಲೋಳೆ ಲೋಳೆ ಆಗಿದ್ದರೆ ಹೊರಡಿ.

ಕೊರೆಯುವುದನ್ನೆಲ್ಲ ಒಟ್ಟಿಗೆ ಮುಗಿಸಿ. ಕೊರೆಯುವುದು, ಗಾಳ ಹಾಕುವುದು, ಮತ್ತೆ ಕೊರೆಯುವುದು, ಹೀಗೆ ಮಾಡಬೇಡಿ. ಕಡಿಮೆ ಆಳದಲ್ಲಿ ಸದ್ದಿಗೆ ಮೀನು ಚದುರುತ್ತದೆ. ವಾಲೈಗೆ ಹೋದರೆ ಮಧ್ಯಾಹ್ನವೇ ಬುಡ, ನಡು, ನೆತ್ತಿ ಮೂರೂ ಕಡೆ ತೂತು ತಯಾರಿರಬೇಕು. ಹಗಲು ಬುಡದಲ್ಲಿ ಮಲಗಿದ ಮೀನು ಹೊತ್ತು ಮುಳುಗುವಾಗ ಮೇಲೆ ಬರುತ್ತದೆ. ನೀವೂ ಅದರ ಜೊತೆ ಹೆಜ್ಜೆ ಹೆಜ್ಜೆಗೆ ಮೇಲಿನ ತೂತಿಗೆ ಬನ್ನಿ. ಐದು ಗಂಟೆಗೆ ಆಗರ್ (ಐಸ್ ಕೊರೆಯುವ ಬೈರಿಗೆ) ಗುಡುಗಿಸುವವರು ಅಕ್ಕಪಕ್ಕದ ಎಲ್ಲರ ಸಂಜೆಯನ್ನೂ ಹಾಳು ಮಾಡುತ್ತಾರೆ.

ಒಂದು ಅಡ್ಡದಾರಿ ಇದೆ, ಒಳ್ಳೆಯದೇ. ಐಸ್ ಗಾಜಿನಂತೆ ತಿಳಿಯಾಗಿದ್ದರೆ ಕೊರೆಯುವುದೇ ಬೇಡ. ಹಿಮ ಸರಿಸಿ, ಸ್ವಲ್ಪ ನೀರು ಸುರಿದು, ಫ್ಲ್ಯಾಷರ್‌ನ ನೀರಿಗೆ ಇಳಿಬಿಡುವ ಗುಂಡನ್ನು ಅದರ ಮೇಲೆ ಒತ್ತಿ ಹಿಡಿದರೆ ಐಸ್ ಮೂಲಕವೇ ಆಳ ಗೊತ್ತಾಗುತ್ತದೆ. ಗುಳ್ಳೆ ತುಂಬಿದ ಬಿಳಿ ಐಸ್‌ನಲ್ಲಿ ನಡೆಯುವುದಿಲ್ಲ.

ಸಲಕರಣೆ ಬಗ್ಗೆ: ಫೋನಿಗೆ ಜೋಡಿಸುವ ಅಗ್ಗದ ಆಟಿಕೆ ಸೋನಾರ್ ಕೊಳ್ಳಬೇಡಿ. ಚಳಿಗೆ ಸಂಪರ್ಕ ಕಡಿಯುತ್ತದೆ, ಮೀನು ಯಾವುದು ಗಿಡ ಯಾವುದು ತಿಳಿಯುವುದಿಲ್ಲ. ಅದೇ ದುಡ್ಡಿಗೆ ಚೂಪಾದ ಅಲುಗಿನ ಆರಿಂಚಿನ ಕೈ ಆಗರ್ ತೆಗೆದುಕೊಳ್ಳಿ. ಮೊಂಡು ಅಲುಗಿನ ಹತ್ತಿಂಚಿನ ಆಗರ್ ಹಿಡಿದವರು ಎರಡನೇ ತೂತಿಗೇ ಸುಸ್ತಾಗಿ ಅಲ್ಲೇ ಕೂತುಬಿಡುತ್ತಾರೆ. ಹಗುರ ಆಗರ್ ಇದ್ದವರು ಇನ್ನೊಂದು ಸಾಲು ಕೊರೆಯುತ್ತಾರೆ.

7. ಕೂರುವುದು, ಏಳುವುದು

ಕ್ರಾಪಿ ಇರುವ ತಗ್ಗಿನಲ್ಲಿ ತಳಕ್ಕೇ ಗಾಳ ಬಿಡಬೇಡಿ. 28 ಅಡಿ ನೀರಿನಲ್ಲಿ 15 ಅಡಿಯಲ್ಲೂ ಇರಬಹುದು. ಅವು ಮೇಲೆ ನೋಡುವ ಮೀನು. ಗಾಳ ಅವುಗಳಿಗಿಂತ ಒಂದೆರಡು ಅಡಿ ಮೇಲಿರಲಿ.

ಪ್ರತಿ ತೂತಿಗೂ ಹತ್ತು ನಿಮಿಷ. ಫ್ಲ್ಯಾಷರ್‌ನಲ್ಲಿ ಏನೂ ಕಾಣದಿದ್ದರೆ ಏಳಿ, ಮುಂದಿನದಕ್ಕೆ ಹೋಗಿ. ಮೀನು ಕಾಣುತ್ತಿದೆ, ಬಾಯಿ ಹಾಕುತ್ತಿಲ್ಲ ಅಂದರೆ ಜಾಗ ಬಿಡಬೇಡಿ, ಗಾಳ ಬದಲಿಸಿ. ಚಿಕ್ಕದು ಹಾಕಿ, ಕುಣಿಸುವುದು ಕಡಿಮೆ ಮಾಡಿ. ಮೊದಲ ಜಾಗದ ಎಲ್ಲಾ ತೂತುಗಳೂ ಬರಿದಾದರೆ ನಕ್ಷೆಯ ಎರಡನೇ ಗುರುತಿಗೆ ಹೊರಡಿ. ಮೀನು ಸಿಕ್ಕ ಮೇಲೆ ಮಾತ್ರ ಟೆಂಟು ಬಿಚ್ಚಿ.

ಸುಮಾರು 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿಹೋಗುತ್ತದೆ. ಅದನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಹಿಡಿದು ಬಿಡುವ ಆಸೆ ಇದ್ದರೆ ಅಂಥ ತಗ್ಗನ್ನು ಆರಿಸಲೇಬೇಡಿ. ಅಡುಗೆಗೆ ಅಂತ ಹೋದರೆ ಬೇಕಾದಷ್ಟಕ್ಕೆ ನಿಲ್ಲಿಸಿ ಎದ್ದುಬನ್ನಿ.

ಮೀನು ಕೊಟ್ಟ ತೂತಿನ ಜಿಪಿಎಸ್ ಗುರುತು ಉಳಿಸಿಕೊಳ್ಳಿ. ಜೊತೆಗೆ ತಾರೀಕು, ಹೊತ್ತು, ಆಳ, ತಳ ಕಲ್ಲೋ ಕೆಸರೋ, ಐಸ್ ಮೇಲೆ ಹಿಮ ಎಷ್ಟಿತ್ತು ಅಂತ ಅಲ್ಲೇ ಬರೆದಿಡಿ. ಮೀನು ಕೊಡದ ತೂತುಗಳ ಆಳವನ್ನೂ ಬರೆಯಿರಿ. ಮುಂದಿನ ಸಲ ಅಷ್ಟು ಕೊರೆಯುವ ಕೆಲಸ ಉಳಿಯುತ್ತದೆ.